ಭಾಷಣಕ್ಕೆ ತಂದ ಬಂಡಿ

ಏಪ್ರಿಲ್ 20, ಗುರುವಾರ

ಮತ್ತೆ ಅಣ್ಣನ ಭಾಷಣ. ಎಲೆಕ್ಷನ್‌ಗೆ ನಿಂತವನು ಅಣ್ಣ ವಿರುಪಾಕ್ಷಿ. ಬರೆಯುವವಳು ಕನ್ನಡ ಎಂ.ಎ. ಮಾಡಿದ ತಂಗಿ, ನಾನು. ಯಲಬುರ್ಗಾಕ್ಕೆ ಹೆರಿಗೆ ಆಸ್ಪತ್ರೆ ಕಟ್ಟಿಸುತ್ತಾನಂತೆ. ಅದಕ್ಕೊಂದು ಕಥೆ ಬೇಕು.

"ಮಂದಿ ಎದಿಗೆ ತಾಗಬೇಕು ನೋಡವಾ."

ನಾನು ಪಾಠ ಮಾಡುವ ಕಾಲೇಜಿನಲ್ಲಿ ಕಸ ಗುಡಿಸುವ ಹುಲಗಮ್ಮ ಹಿಂದೊಮ್ಮೆ ಹೇಳಿದ್ದು ನೆನಪಾಯಿತು. ಮಗಳ ಚೊಚ್ಚಲ ಹೆರಿಗೆ, ಮಳೆ, ಎರೆಮಣ್ಣಿನಲ್ಲಿ ಹೂತ ಬಂಡಿ. ಹುಡುಗಿ ಬಂಡಿಯಲ್ಲೇ ಹೋಗಿಬಿಟ್ಟಳು. ಭಾಷಣದಲ್ಲಿ ಆ ಹುಡುಗಿಯ ಜಾಗದಲ್ಲಿ ನಮ್ಮ ಚಿಗವ್ವನನ್ನು, ಅವ್ವನ ತಂಗಿಯನ್ನು, ಮಲಗಿಸಿದೆ. ಚಿಗವ್ವ ಸತ್ತದ್ದು ಜ್ವರದಿಂದ, ಗಂಗಾವತಿಯಲ್ಲಿ.

ಹತ್ತು ನಿಮಿಷದ ಕೆಲಸ.

ಏಪ್ರಿಲ್ 23, ಭಾನುವಾರ

ಸಭೆ. ಅಣ್ಣ ಅತ್ತ. ಮೈಕಿನ ಮುಂದೆ ಎರಡೂ ಅಂಗೈ ಚಾಚಿ, "ಗಾಲಿಗೆ ಮೆತ್ತಿದ ಮಣ್ಣ ಈ ಕೈಲೆ ತಗದೇನಿ" ಎಂದ. ಆ ಸಾಲು ನನ್ನದಲ್ಲ.

ಕಾರಿನಲ್ಲಿ "ಭಾಳ ಛಲೋ ಆತು" ಎಂದೆ, ನಗುತ್ತ. ಅವನು ನಗಲಿಲ್ಲ.

"ನೀ ಸಣ್ಣಾಕಿ ಇದ್ದಿ. ನಿನಗೇನ ನೆನಪಿರತೈತಿ?"

"ಅಣ್ಣಾ, ಚಿಗವ್ವಗ ಜ್ವರ ಬಂದಿತ್ತು."

"ಜ್ವರಾನೂ ಇತ್ತು."

ಅವನ ಕಣ್ಣುಗಳು ಇನ್ನೂ ಕೆಂಪಗಿದ್ದವು.

ಏಪ್ರಿಲ್ 24

ನಾಟಕವಾಗಿದ್ದರೆ ಸಮಾಧಾನವಿತ್ತು. ನಂಬಿದ್ದಾನೆ. ಮೂರೇ ದಿನ ಸಾಕಾಯಿತು… ಹಾಗಾದರೆ ಆಸ್ಪತ್ರೆಯನ್ನೂ ನಂಬಿದ್ದಾನೆಯೇ? ನಂಬಿದವನು ಕಟ್ಟುತ್ತಾನೆಯೇ?

ನಾಳೆ ಪಾಠ ಮಾಡಬೇಕಾದ ಕವಿತೆ ಹಿಡಿದು ಕೂತೆ. ಬರೆದವನು ಇದನ್ನು ನಂಬಿದ್ದನೇ ಎಂದು ಇಷ್ಟು ವರ್ಷ ಕೇಳಿದವಳಲ್ಲ. ಮೂರು ಪುಟ ತಿರುವಿ ಮುಚ್ಚಿಟ್ಟೆ. ಅಡುಗೆಮನೆಗೆ ಹೋದೆ, ಏಕೆ ಹೋದೆ ಎಂದು ಮರೆತು ವಾಪಸು ಬಂದೆ.

ಏಪ್ರಿಲ್ 28, ಶುಕ್ರವಾರ — ಸಂಜೆ

ಹುಲಗಮ್ಮ ಮನೆಗೆ ಬಂದಳು. ಸಭೆಯಲ್ಲಿದ್ದಳಂತೆ. ಬೈಯಲಿ ಎಂದು ಕಾದೆ.

"ಏನ್ರಿ ಅಕ್ಕಾರ, ಇಷ್ಟ ವರ್ಷ ಒಂದ ಕಡೆ ಅದೀವಿ. ನಿಮ್ಮ ಮನ್ಯಾಗೂ ಹಿಂಗ ಆಗಿದ್ದು ಹೇಳಲೇ ಇಲ್ಲಲ್ರಿ?"

ಅವಳಿಗೆ ಕುರ್ಚಿ ಎಳೆದೆ.

"ಉಳದವರು ಬರೇ ಬಾಯಿಲೆ ಹೇಳತಾರ. ನಿಮ್ಮಣ್ಣಾರು ಮಣ್ಣ ತಗದಾರ. ಕಟ್ಟೇ ಕಟ್ಟತಾರ."

ರಸ್ತೆ ಬದಿಯ ಅರ್ಧ ಎಕರೆ ಆಸ್ಪತ್ರೆಗೆ ಕೊಡುತ್ತಾಳೆ, ಅಣ್ಣನ ಟ್ರಸ್ಟ್ ಹೆಸರಿಗೆ. ಅವಳಿಗಿರುವುದೇ ಅಷ್ಟು. ಮಂಗಳವಾರ ರಿಜಿಸ್ಟರ್.

ಹೇಳಬೇಕಿತ್ತು. ಚಹಾ ಕೊಟ್ಟೆ.

ಮೇ 1

ಅಣ್ಣನಿಗೆ ಫೋನ್.

"ಹುಲಗಮ್ಮನ ಹೊಲ ಬ್ಯಾಡ. ಬಂಡೀದು ಆಕಿ ಕಥಿ ಅಣ್ಣಾ. ಆಕಿ ಮಗಳದು."

"ಪಾಪ… ಆಕಿಗೂ ಹಂಗ ಆಗಿತ್ತೇನು?"

ದನಿ ನಡುಗುತ್ತಿತ್ತು.

ಮೇ 2, ಮಂಗಳವಾರ — 11.20

ಸಬ್ ರಿಜಿಸ್ಟ್ರಾರ್ ಆಫೀಸಿನ ಕಟ್ಟೆ. ಸಾಕ್ಷಿಯ ಸಹಿ ನನ್ನದೇ ಆಗಬೇಕೆಂದು ಹುಲಗಮ್ಮ ಹಟ ಹಿಡಿದಿದ್ದಾಳೆ. ಈಗಷ್ಟೇ ಬೇವಿನ ನೆರಳಿಗೆ ಕರೆದು ಎಲ್ಲ ಹೇಳಿದೆ. ಬಂಡಿ ನಿನ್ನದು, ಕದ್ದವಳು ನಾನು, ಅವನು ಮಣ್ಣು ಮುಟ್ಟಿಲ್ಲ. ಏನನ್ನೂ ಮುಚ್ಚಿಡಲಿಲ್ಲ.

ನನ್ನ ಮುಖವನ್ನೇ ನೋಡುತ್ತಿದ್ದಳು.

"ಅಣ್ಣ-ತಂಗಿ ಜಗಳ ಏನರ ಮಾಡೀರೇನ್ರಿ?" ಎಂದಳು. "ನಿಮ್ಮಣ್ಣಾರು ಅತ್ತಿದ್ದನ್ನ ನಾ ಕಣ್ಣಾರೆ ನೋಡೇನಿ. ನೀವು ನೋಡ್ರಿ, ಇಂಥಾ ಮಾತ ಹೇಳಾಕತ್ತೀರಿ, ಕಣ್ಣಾಗ ಒಂದ ಹನಿ ನೀರಿಲ್ಲ."

ಒಳಗೆ ಹೋದಳು. ಕಾಗದದ ಮುಂದೆ ಕೂತಿದ್ದಾಳೆ, ಹೆಬ್ಬೆರಳಿಗೆ ಶಾಯಿ ಹಚ್ಚುತ್ತಿದ್ದಾರೆ. ಸಾಕ್ಷಿ ಯಾರು ಎಂದು ಕೂಗುತ್ತಿದ್ದಾರೆ. ನಾನು ಹೋಗದಿದ್ದರೆ ಬೇರೆ ಯಾರೋ ಸಹಿ ಹಾಕುತ್ತಾರೆ…

ಹುಲಗಮ್ಮ ಕಿಟಕಿಯಿಂದ ಕೈ ಮಾಡಿ ಕರೆಯುತ್ತಿದ್ದಾಳೆ. ನಾನು—