ಪರೀಕ್ಷಾ ಕೊಠಡಿಯಲ್ಲಿ ಅನಧಿಕೃತ ಬೆಲ್ಲ

ನರ್ಸಿಂಗ್ ಪರವಾನಗಿ ಪರೀಕ್ಷೆಯ ಮಾನ್ಯ ನಿಯಂತ್ರಣಾಧಿಕಾರಿಗಳಿಗೆ,

ಮಾನ್ಯರೇ ಎಂದು ಕರೆಯುವುದು ರೂಢಿ, ಕರೆದಿದ್ದೇನೆ. ಮಾನ್ಯತೆಯ ವಿಚಾರವನ್ನು ಪತ್ರದ ಕೊನೆಗೆ ತೀರ್ಮಾನಿಸೋಣ. ಸದ್ಯಕ್ಕೆ ದೂರು ಇಷ್ಟು: ಕಳೆದ ತಿಂಗಳು ಮಹಾಪೆಯ ಪರೀಕ್ಷಾ ಕೇಂದ್ರದಲ್ಲಿ ನಿಮ್ಮದೇ ಮೇಲ್ವಿಚಾರಕರು ಕುಸಿದು ಬಿದ್ದರು. ಪರೀಕ್ಷೆಗೆ ಕೂತಿದ್ದ ನನ್ನ ಸೊಸೆ ರಮಿತಾ ಎದ್ದು ಹೋಗಿ ಅವರನ್ನು ಎಬ್ಬಿಸಿ ಕೂರಿಸಿದಳು. ಅದಕ್ಕೆ ನೀವು ಅವಳ ಪರೀಕ್ಷೆಯನ್ನು ರದ್ದು ಮಾಡಿ, ಇನ್ನು ಎರಡು ವರ್ಷ ಕೂರಬಾರದೆಂದು ನಿಷೇಧ ಹಾಕಿದ್ದೀರಿ. ಆಪಾದನೆ ಮೂರು: ಅನುಮತಿಯಿಲ್ಲದೆ ಆಸನ ತೊರೆದದ್ದು, ಸಹ ಪರೀಕ್ಷಾರ್ಥಿಯೊಡನೆ ಸಂಭಾಷಣೆ ನಡೆಸಿದ್ದು, ಅನಧಿಕೃತ ವಸ್ತುವನ್ನು ಒಳಗೆ ತಂದದ್ದು. ಆ ವಸ್ತು ಬೆಲ್ಲ. ಅವಳ ದುಪಟ್ಟಾದ ತುದಿಗೆ ಅದನ್ನು ಗಂಟು ಹಾಕಿ ಕಟ್ಟಿದವಳು ನಾನು. ಹಾಗಾಗಿ ಈ ವಿಚಾರದಲ್ಲಿ ಮಾತಾಡುವ ಹಕ್ಕು ನನಗೆ ಉಂಟು.

ನಾನು ಡೊಂಬಿವಲಿಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಕೂದಲು ಹಣ್ಣಾಗುವವರೆಗೆ ಪಾಠ ಮಾಡಿ ನಿವೃತ್ತಳಾದವಳು. ಮೇಲ್ವಿಚಾರಣೆ ಎಂದರೆ ಏನೆಂದು ನನಗೂ ಗೊತ್ತು. ಕಾಪಿ ಹೊಡೆಯುವ ಮಕ್ಕಳನ್ನು ಮುಖ ನೋಡದೆ, ಬೆನ್ನು ನೋಡಿಯೇ ಹಿಡಿದಿದ್ದೇನೆ. ತೋಳಿನ ಮೇಲೆ ಬರೆದುಕೊಂಡು ಬಂದವರುಂಟು, ಚಡ್ಡಿಯೊಳಗೆ ಚೀಟಿ ಇಟ್ಟವರುಂಟು, ಮೂತ್ರಕ್ಕೆಂದು ಹೋಗಿ ಇಡೀ ಅಧ್ಯಾಯ ಓದಿಕೊಂಡು ಬಂದ ಮಹಾಪುರುಷರೂ ಉಂಟು. ಬೆಲ್ಲ ನೋಡಿ ಉತ್ತರ ಬರೆದವರನ್ನು ಮಾತ್ರ ಈ ಜನ್ಮದಲ್ಲಿ ಕಂಡಿಲ್ಲ. ನಿಮ್ಮ ಕಚೇರಿ ಕಂಡಿದ್ದರೆ ದಯವಿಟ್ಟು ಆ ವಿದ್ಯೆ ನನಗೂ ತಿಳಿಸಿ.

ಈಗ ನನ್ನ ಸೊಸೆಯ ಕಥೆ. ಡೊಂಬಿವಲಿಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಅವಳು ಮದುವೆಗೆ ಮುಂಚಿನಿಂದಲೂ ನರ್ಸು. ದೊಡ್ಡ ಆಸ್ಪತ್ರೆಯ ಐಸಿಯುವಿನಲ್ಲಿ ಕೆಲಸ ಮಾಡಬೇಕೆಂಬುದು ಅವಳ ಓದಿನ ದಿನದ ಆಸೆ. ಕೊಲ್ಲಿ ದೇಶದ ಒಂದು ಆಸ್ಪತ್ರೆ ಅವಳನ್ನು ಆರಿಸಿತು. ಆದರೆ ನಿಮ್ಮ ಪರವಾನಗಿ ಬೇಕು ಎಂದಿತು. ಅಲ್ಲಿಗೆ ಸೇರಲು ವಯಸ್ಸಿನ ಮಿತಿಯೂ ಉಂಟು. ನಿಮ್ಮ ಎರಡು ವರ್ಷ ಮುಗಿಯುವಾಗ ಅವಳು ಅದನ್ನು ದಾಟಿರುತ್ತಾಳೆ. ಅಂದರೆ ನೀವು ಬರೆದದ್ದು ಎರಡು ವರ್ಷ ಎಂದು, ಕೊಟ್ಟದ್ದು ಜೀವಮಾನದ ಶಿಕ್ಷೆ.

ಅವಳಿಗೆ ವಿಷಯ ಗೊತ್ತಿಲ್ಲವೆಂದಲ್ಲ. ಹೆದರಿಕೆ. ವಾರ್ಡಿನಲ್ಲಿ ರಕ್ತ ಚಿಮ್ಮಿದರೆ ಅಲುಗದವಳು, ಪರೀಕ್ಷೆ ಎಂದರೆ ಮಾತ್ರ ಬೆವರಿ ನೀರಾಗುತ್ತಾಳೆ. ಮೊದಲ ಸಲ ಕೂತಾಗ ಮೌಸ್ ಹಿಡಿದ ಕೈ ನಡುಗಿ, ಒತ್ತಬೇಕಾದ ಉತ್ತರ ಒಂದು, ಒತ್ತಿದ್ದು ಇನ್ನೊಂದು. ಫೇಲಾಗಿ ಬಂದು, "ಅತ್ತೆ, ನನಗೆ ಎಲ್ಲ ಗೊತ್ತಿತ್ತು, ಅಲ್ಲಿ ಕೂತ ಕೂಡ್ಲೆ ನನ್ನ ಹೆಸರೇ ಮರೆತುಹೋಯ್ತು" ಎಂದಳು. ನಿಮ್ಮ ಕಚೇರಿಯೂ ಕರುಣಾಳು. ಎರಡನೆಯ ಸಲ ಹಾಲ್ ಟಿಕೆಟಿನ ಜೊತೆ ‘ಶಾಂತಚಿತ್ತರಾಗಿರಲು ಸಲಹೆಗಳು’ ಎಂಬ ಚೀಟಿ ಕಳಿಸಿದಿರಿ. ಪರೀಕ್ಷೆಯ ಹಿಂದಿನ ರಾತ್ರಿ ಚೆನ್ನಾಗಿ ನಿದ್ರಿಸಿ ಎಂದು ನೈಟ್ ಡ್ಯೂಟಿಯ ನರ್ಸುಗಳಿಗೆ ಹೇಳಿದ್ದೀರಿ. ಹೋಗುವ ದಾರಿಯಲ್ಲಿ ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದುಕೊಳ್ಳಿ ಎಂದಿದ್ದೀರಿ. ಸ್ವಾಮೀ, ಬೆಳಿಗ್ಗೆ ಡೊಂಬಿವಲಿಯಿಂದ ಥಾಣೆಗೆ ಹೋಗುವ ಲೋಕಲ್‌ನ ಲೇಡೀಸ್ ಡಬ್ಬಕ್ಕೆ ನಿಮ್ಮ ಮನೆಯವರನ್ನು ಒಮ್ಮೆ ಹತ್ತಿಸಿ ನೋಡಿ. ಅಲ್ಲಿ ದೀರ್ಘವಾಗಿ ಉಸಿರೆಳೆದರೆ ಬರುವುದು ಪಕ್ಕದವಳ ಉಸಿರು, ಅವಳು ಅದನ್ನು ವಾಪಸ್ ಕೇಳುತ್ತಾಳೆ. ಮನಸ್ಸಿಗೆ ನೆಮ್ಮದಿ ನೀಡುವ ಸ್ಥಳವೊಂದನ್ನು ಕಲ್ಪಿಸಿಕೊಳ್ಳಿ ಎಂದೂ ಇತ್ತು. "ಎಂತ ಕಲ್ಪಿಸಿದಿ ಮಗಾ?" ಎಂದು ಕೇಳಿದೆ. "ವಾರ್ಡು ಅತ್ತೆ, ಎಲ್ಲ ಬೆಡ್ಡೂ ಖಾಲಿ" ಎಂದಳು.

ನಿಮ್ಮ ಚೀಟಿಯನ್ನು ಅಡುಗೆಮನೆಯ ಡಬ್ಬಿಯ ಅಡಿಗೆ ಹಾಸಿ, ನಾನೇ ಅವಳಿಗೆ ತಾಲೀಮು ಶುರು ಮಾಡಿದೆ. ಜೊತೆಗೆ ಅವಳ ಗೆಳತಿ ಮಲ್ಲಿಕಾ. ಅವಳೂ ಅದೇ ನರ್ಸಿಂಗ್ ಹೋಮಿನ ನರ್ಸು; ತಂದೆ ಮಹಾದೇವಪ್ಪ ಕಲಬುರಗಿ ಕಡೆಯವರು, ಅಂಬರನಾಥದ ಕಾರ್ಖಾನೆಯಲ್ಲಿ ಲೋಡಿಂಗ್ ಕೆಲಸ. ಊಟದ ಮೇಜೇ ಪರೀಕ್ಷಾ ಕೇಂದ್ರ, ಮಗ ಸೂರಜನ ಲ್ಯಾಪ್‌ಟಾಪೇ ನಿಮ್ಮ ಕಂಪ್ಯೂಟರ್, ಹೋಟೆಲಿನ ಗಲ್ಲಾದಿಂದ ನಿವೃತ್ತರಾದ ನನ್ನ ಯಜಮಾನರು ಹರಿಶ್ಚಂದ್ರ ಮೇಲ್ವಿಚಾರಕರು. ರಮಿತಾಳ ದೊಡ್ಡ ರೋಗ ಏನೆಂದು ಆಗ ಗೊತ್ತಾಯಿತು. ಅವಳು ಕೂರುವವಳೇ ಅಲ್ಲ. ಕುಕ್ಕರ್ ಕೂಗಿದರೆ ಏಳುತ್ತಾಳೆ, ಬೆಲ್ ಆದರೆ ಏಳುತ್ತಾಳೆ. ನಮ್ಮ ಕಟ್ಟಡದ ಸೊಸೈಟಿಯಲ್ಲಿ ಬಿಪಿ ನೋಡಿಸಿಕೊಳ್ಳಲು ಬಾರದವರಿಲ್ಲ. ಬಾಗಿಲಿಗೆ ‘ರಮಿತಾ ಮನೆಯಲ್ಲಿಲ್ಲ’ ಎಂದು ಚೀಟಿ ಅಂಟಿಸಿದರೆ, ಬೆಲ್ ಕೇಳಿ ಒಳಗಿನಿಂದ ಇವಳೇ "ಬಂದೆ!" ಎನ್ನುತ್ತಿದ್ದಳು. ವರ್ಷಗಟ್ಟಲೆ ಬೆಲ್ಲಿಗೆ ಓಡಿದ ಕಾಲು ಅದು, ಏನು ಮಾಡುವುದು?

ನಾನು ಹಟ ಹಿಡಿದೆ. "ಆಕಾಶ ಬಿದ್ರೂ ಏಳ್ಬಾರ್ದು. ನೀನು ಅಲ್ಲಿ ನರ್ಸಲ್ಲ, ಪರೀಕ್ಷೆಯ ಹುಡುಗಿ." ನಿಧಾನಕ್ಕೆ ಕುಕ್ಕರ್ ಕೂಗಿದರೂ ಕೂತಳು. ಬೆಲ್ಲಿಗೂ ಕೂತಳು. ಕೊನೆಯ ಪರೀಕ್ಷೆಗೆಂದು ಯಜಮಾನರಿಗೆ ಎದೆನೋವಿನ ನಾಟಕ ಮಾಡಿ ಎಂದೆ. ಅವರು ಸೋಫಾದ ಮೇಲೆ "ಅಯ್ಯೋ, ಹೋದೆ, ಹೋದೆ" ಎಂದು ಹೊರಳಾಡಿದರು. ಮಲ್ಲಿಕಾ ಹೌಹಾರಿ ನೋಡಿದಳು. ರಮಿತಾ ಪರದೆಯಿಂದ ಕಣ್ಣು ತೆಗೆಯದೆ, "ಮಾವ, ಕಾಫಿ ಆರ್ತದೆ, ಕುಡೀರಿ" ಎಂದಳು. ಆ ದಿನ ನಾನು ಪಾಯಸ ಮಾಡಿದೆ. ಗೆದ್ದೆವು ಎಂದುಕೊಂಡೆ.

ಪರೀಕ್ಷೆಯ ದಿನ ಬೆಳಿಗ್ಗೆ ಆ ಬೆಲ್ಲ ಕಟ್ಟಿದೆ. ನಮ್ಮ ಕರಾವಳಿ ಕಡೆ ಬಿಸಿಲಲ್ಲಿ ಬಂದವರಿಗೆ ಮೊದಲು ಬೆಲ್ಲ, ನೀರು, ಮಾತು ಆಮೇಲೆ. ಹೆದರಿದವರ ಬಾಯಿಯೂ ಬಿಸಿಲಲ್ಲಿ ನಡೆದವರ ಬಾಯಿಯ ಹಾಗೇ ಒಣಗುತ್ತದೆ. "ಬಾಯಿ ಒಣಗಿದ್ರೆ ಚೂರು ಕಚ್ಚು" ಎಂದು ಗಂಟು ಬಿಗಿದೆ. ಥಾಣೆಯಲ್ಲಿ ಗಾಡಿ ಬದಲಿಸಿ, ಘನ್ಸೋಲಿಯಲ್ಲಿಳಿದು, ರಿಕ್ಷಾ ಹಿಡಿದು ಮಹಾಪೆ ಮುಟ್ಟಿದರು ಇಬ್ಬರೂ. ನಿಮ್ಮ ಗೇಟಿನಲ್ಲಿ ಬಳೆ ತೆಗೆಸಿದರು, ಕ್ಲಿಪ್ಪು ತೆಗೆಸಿದರು, ಕರಿಮಣಿಯನ್ನೂ ಬಿಚ್ಚಿಸಿದರು. ಕರಿಮಣಿಯಲ್ಲಿ ಉತ್ತರ ಅಡಗಿರುತ್ತದೆಂದು ನಿಮಗೆ ಯಾರು ಹೇಳಿದರು? ಮದುವೆಯಾದಾಗಿನಿಂದ ನಾನೂ ಹುಡುಕುತ್ತಿದ್ದೇನೆ, ಒಂದೂ ಸಿಕ್ಕಿಲ್ಲ. ದುಪಟ್ಟಾದ ಗಂಟನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ಒಳಗೆ ನಡೆದದ್ದನ್ನು ಇಬ್ಬರೂ ಬೇರೆಬೇರೆಯಾಗಿ ಹೇಳಿದ್ದಾರೆ, ನಿಮ್ಮ ಕ್ಯಾಮೆರಾವೂ ನೋಡಿದೆ. ಅರ್ಧ ಪರೀಕ್ಷೆ ಮುಗಿದಿತ್ತು. ಕೈ ನಡುಗಿರಲಿಲ್ಲ. ಬಾಯಿಯೂ ಒಣಗಿರಲಿಲ್ಲ, ಬೆಲ್ಲ ಮುಟ್ಟಬೇಕಾಗಿರಲಿಲ್ಲ. ಆಗ ಸಾಲುಗಳ ನಡುವೆ ಓಡಾಡುತ್ತಿದ್ದ ಮೇಲ್ವಿಚಾರಕರು ಮೇಜು ಹಿಡಿದು, ತೊದಲಿ, ಕುಸಿದರು. ಶುಗರಿನ ಮನುಷ್ಯ. ಬೇಗ ಹಾಜರಾಗಬೇಕೆಂಬ ನಿಮ್ಮ ಆಜ್ಞೆಗೆ ಅಂಜಿ, ಮಾತ್ರೆ ನುಂಗಿ ನಾಷ್ಟಾ ಬಿಟ್ಟು ಬಂದಿದ್ದರಂತೆ; ಶುಗರ್ ತೀರಾ ಇಳಿದಿತ್ತು. ಶಾಂತಚಿತ್ತದ ಚೀಟಿಯನ್ನು ನಿಮ್ಮವರಿಗೂ ಒಂದು ಕೊಡಬೇಕಿತ್ತು.

ಸಹಾಯ ಬೇಕಾದಲ್ಲಿ ಕೈ ಎತ್ತಿ, ಮೇಲ್ವಿಚಾರಕರು ನಿಮ್ಮ ಬಳಿಗೆ ಬರುತ್ತಾರೆ. ಇದು ನಿಮ್ಮ ನಿಯಮ. ನನ್ನ ಸೊಸೆ ನಿಯಮ ಮುರಿದವಳಲ್ಲ, ಮೊದಲು ಕೈ ಎತ್ತಿದಳು. ಯಾರು ಬರಬೇಕಿತ್ತು ಸ್ವಾಮೀ? ನೆಲದ ಮೇಲೆ ಬಿದ್ದವರೇ ಎದ್ದು ಬಂದು, "ಏನಮ್ಮಾ, ನಾನು ಬಿದ್ದಿದ್ದೇನೆಂದು ಹೇಳಬೇಕಿತ್ತೇ?" ಎಂದು ವಿಚಾರಿಸಬೇಕಿತ್ತೇ? ಹೊರಗೆ ಕ್ಯಾಮೆರಾದ ಪರದೆ ನೋಡುತ್ತ ಕೂತವರು ಬರಲಿಲ್ಲ. ಎತ್ತಿದ ಕೈ ಎತ್ತಿದ ಹಾಗೇ ಇತ್ತು. ಕೊನೆಗೆ ಅವಳು ಎದ್ದಳು.

ಪಕ್ಕದ ಸಾಲಿನಲ್ಲಿ ಮಲ್ಲಿಕಾಳೂ ಎದ್ದಿದ್ದಳು. ರಮಿತಾ ಅವಳಿಗೆ, "ನೀನು ಕೂತ್ಕೋ, ನಾನು ನೋಡ್ತೇನೆ" ಎಂದಳು. ವಾರ್ಡಿನಲ್ಲಿ ಇವರ ಕ್ರಮವೇ ಹಾಗೆ. ಒಬ್ಬಳು ಓಡಿದರೆ ಇನ್ನೊಬ್ಬಳು ಉಳಿದವರನ್ನು ಕಾಯಬೇಕು. ನಿಮ್ಮ ಎರಡನೆಯ ಆಪಾದನೆಯ ‘ಸಂಭಾಷಣೆ’ ಎಂದರೆ ಇಷ್ಟೇ. ಆ ಮನುಷ್ಯನಿಗೆ ನುಂಗುವಷ್ಟು ಎಚ್ಚರ ಇತ್ತು. ಒರಗಿಸಿ ಕೂರಿಸಿ, ಗಂಟು ಬಿಚ್ಚಿ, ಬೆಲ್ಲ ಬಾಯಿಗಿಟ್ಟು, ಅವರದೇ ಬಾಟಲಿಯ ನೀರು ಕುಡಿಸಿದಳು. ಸ್ವಲ್ಪ ಹೊತ್ತಿಗೆ ಕಣ್ಣು ತಿಳಿಯಾಯಿತು. ಬೆವರು ಒರೆಸಿಕೊಂಡು ಅವರು ಆಡಿದ ಮೊದಲ ಮಾತು: "ಮೇಡಂ, ಸೀಟ್ ಛೋಡ್ ಕೇ ಕ್ಯೂಂ ಆಯೀ?" ಸೀಟು ಬಿಟ್ಟು ಯಾಕೆ ಬಂದಿರಿ ಎಂದು! ಬೆಲ್ಲ ಇನ್ನೂ ಬಾಯಲ್ಲೇ ಇತ್ತು. ಬೆಲ್ಲ ಚೀಪುತ್ತಲೇ ವರದಿ ಬರೆದರು ಮಾರಾಯ್ರೆ, ಅದರಲ್ಲಿ ಬೆಲ್ಲದ ಹೆಸರನ್ನೂ ಮರೆಯದೆ ಬರೆದರು. ನಾನು ಅವರನ್ನು ಬೈಯುವುದಿಲ್ಲ. ಜೀವ ಬಂದ ಕೂಡಲೇ ನಿಮ್ಮ ಭಯವೂ ಬಂತು, ಪಾಪ.

ಮಲ್ಲಿಕಾ ಪಾಸಾದಳು. ಪೇಢೆಯ ಡಬ್ಬಿ ಹಿಡಿದು ಬಂದವಳು ಅದನ್ನು ತೆರೆಯಲೇ ಇಲ್ಲ. ಹೊಸ್ತಿಲಲ್ಲೇ ಕೂತು ಅತ್ತಳು. "ನಾ ಕುಂತೆ, ಪಾಸಾದೆ. ಅಕ್ಕ ಎದ್ಲು, ಆಕಿನ್ನ ಹೊರಗ ಹಾಕ್ಯಾರ. ಇದೆಂಥಾ ನರ್ಸಿನ ಪರೀಕ್ಷಾರಿ, ಟೀಚರ್?" ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನೀವು. ನಿಮಗೆ ರವಾನಿಸುತ್ತಿದ್ದೇನೆ.

ರಮಿತಾಳನ್ನು ನಾನೂ ಬೈದೆ, ಸುಳ್ಳು ಯಾಕೆ ಹೇಳಲಿ? "ಮಾವ ಬಿದ್ದು ಹೊರಳಾಡಿದ್ರೂ ಏಳ್ಲಿಲ್ಲ, ಯಾರೋ ದಾರಿಯ ದಾಸಯ್ಯನಿಗೆ ಎದ್ದಿಯಲ್ಲ!" ಅವಳು ಬಟ್ಟೆ ಮಡಚುತ್ತಿದ್ದಳು. "ಮಾವಂದು ನಾಟಕ ಅಂತ ಗೊತ್ತಿತ್ತು ಅತ್ತೆ. ಆ ಮನುಷ್ಯನ ಹಣೆಯ ಬೆವರು ನಾಟಕದ್ದಲ್ಲ" ಎಂದಳು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡಳು. ನೀರು ಬೀಳುವ ಸದ್ದಿನಲ್ಲಿ ಅಳುವುದು ಕೇಳುವುದಿಲ್ಲವೆಂದು ಎಲ್ಲ ಸೊಸೆಯಂದಿರೂ ತಿಳಿದಿದ್ದಾರೆ. ಅತ್ತೆಯಂದಿರೂ ಒಂದು ಕಾಲದಲ್ಲಿ ಹಾಗೇ ತಿಳಿದಿದ್ದವರು.

ನಾವು ಮನವಿ ಸಲ್ಲಿಸಿದೆವು. ನಿಮ್ಮ ಉತ್ತರ ಬಂತು. ಉದಾರವಾದ ಉತ್ತರ. ಅಭ್ಯರ್ಥಿಯು ‘ಇನ್ನು ಮುಂದೆ ಯಾವುದೇ ಸಂದರ್ಭದಲ್ಲಿಯೂ, ಯಾವುದೇ ಕಾರಣಕ್ಕೂ ಆಸನ ಬಿಟ್ಟು ಏಳುವುದಿಲ್ಲ’ ಎಂದು ಮುಚ್ಚಳಿಕೆ ಬರೆದುಕೊಟ್ಟರೆ ನಿಷೇಧ ತೆಗೆಯುತ್ತೀರಂತೆ. ಒಂದು ಸಹಿ ಹಾಕಿದರೆ ಮುಗಿಯಿತು. ಮುಂದಿನ ಪರೀಕ್ಷೆ, ಪರವಾನಗಿ, ಐಸಿಯು, ಎಲ್ಲ ಅದರ ಆಚೆಗೆ ಕಾದಿವೆ. ಯಜಮಾನರು, "ಹಾಕಿ ಬಿಡು ಮಗಾ, ಕಾಗದದಲ್ಲಿ ಏನುಂಟು" ಎಂದರು. ನಾನೂ ಪೆನ್ನು ತಂದುಕೊಟ್ಟೆ. ರಮಿತಾ ಪೆನ್ನು ಹಿಡಿದಳು. ಓದಿದಳು, ಪೆನ್ನನ್ನು ಮೇಜಿನ ಮೇಲಿಟ್ಟಳು.

"ಇನ್ನೊಂದು ಸಲ ಯಾರಾದ್ರೂ ಬಿದ್ರೆ ಪುನಃ ಏಳ್ತಿಯಾ?" ಎಂದು ಕೇಳಿದೆ.

"ಮತ್ತೆಂತ ಮಾಡುದು ಅತ್ತೆ?" ಎಂದಳು, ಇದೂ ಒಂದು ಪ್ರಶ್ನೆಯಾ ಎಂಬ ಹಾಗೆ.

ಅಲ್ಲಿಗೆ ನನ್ನ ತಾಲೀಮು ಪೂರಾ ಫೇಲಾಯಿತು, ಮತ್ತು ಫೇಲಾದದ್ದಕ್ಕೆ ಇಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ. ಆದ್ದರಿಂದ ನನ್ನ ಬೇಡಿಕೆ ಕೇಳಿ. ನಿಷೇಧವನ್ನು ಬೇಷರತ್ತಾಗಿ ತೆಗೆಯಿರಿ. ನೀವು ರದ್ದು ಮಾಡಿದ ಪರೀಕ್ಷೆಯನ್ನು ಬರುವ ಸರದಿಯಲ್ಲೇ ಬರೆಯಲು ಅವಳಿಗೆ ಬಿಡಿ. ಪಾಸು ಮಾಡಿ ಎಂದು ನಾನು ಕೇಳುವುದಿಲ್ಲ. ಪಾಸಾಗುವುದು ಅವಳಿಗೆ ಗೊತ್ತು. ಹಾಗೆಯೇ ನಿಮ್ಮ ಮೇಲ್ವಿಚಾರಕರಿಗೆ ಹೊಟ್ಟೆಗೆ ಏನಾದರೂ ಹಾಕಿಕೊಂಡು ಬರಲು ಹೇಳಿ. ಮಾನ್ಯತೆಯ ತೀರ್ಮಾನ ಬಾಕಿ ಇತ್ತಲ್ಲ, ಅದನ್ನು ನಿಮ್ಮ ಉತ್ತರ ಬಂದ ಮೇಲೆ ಮಾಡುತ್ತೇನೆ.

ಈ ಪತ್ರದೊಂದಿಗೆ ನಿಮ್ಮ ಮುಚ್ಚಳಿಕೆಯನ್ನು ಸಹಿಯಿಲ್ಲದೆ ವಾಪಸ್ ಕಳಿಸಿದ್ದೇನೆ. ಅದೇ ಕಾಗದದಲ್ಲಿ ಅರ್ಧ ಅಚ್ಚು ಬೆಲ್ಲ ಸುತ್ತಿಟ್ಟಿದ್ದೇನೆ, ಎಸೆಯಬೇಡಿ. ಪರೀಕ್ಷಾ ಕೊಠಡಿಯ ಮೇಜಿನ ಡ್ರಾಯರಿನಲ್ಲಿ ಇಡಿಸಿ. ಯಾವತ್ತಾದರೂ ನೀವೇ ತಪಾಸಣೆಗೆಂದು ಆ ಕೊಠಡಿಗೆ ಹೋದಾಗ ಕಣ್ಣಿಗೆ ಕತ್ತಲೆ ಬಂದೀತು. ಆ ದಿನ ಅಲ್ಲಿ ನಿಮಗೆ ಮುಚ್ಚಳಿಕೆ ಬರೆದುಕೊಟ್ಟ ನರ್ಸುಗಳು ಸಾಲು ಸಾಲಾಗಿ ಕೂತಿರುತ್ತಾರೆ. ಒಬ್ಬಳೂ ಏಳುವುದಿಲ್ಲ. ಬೆಲ್ಲವನ್ನು ನೀವೇ ತೆವಳಿಕೊಂಡು ಹೋಗಿ ತೆಗೆದುಕೊಳ್ಳಬೇಕು.

ಇಂತಿ,
ಅನಧಿಕೃತ ಬೆಲ್ಲದ ಅಧಿಕೃತ ಒಡತಿ,
ಸೊಸೆಗೆ ಕೂರಲು ಕಲಿಸಲಾಗದೆ ಸೋತ ಮೇಷ್ಟ್ರಮ್ಮ
ಜಯಲತಾ
ಡೊಂಬಿವಲಿ ಪೂರ್ವ, 2013