ಹಳದಿ ಗೆರೆಯಲ್ಲಿ ನಿಂತದ್ದು

ಮಂಗಳವಾರ, ಸಂಜೆ

ಮುದ್ದಿನ ಗುಬ್ಬಿ,

ವಿತ್ ರೆಫರೆನ್ಸ್ ಟು ಯುವರ್ ಫೋನ್ ಕಾಲ್, ಐ ಬೆಗ್ ಟು ಸ್ಟೇಟ್... ಮುಂದಿನದು ಮರೆತುಹೋಗಿದೆ. ಕಾಲೇಜಿನ ಇಂಗ್ಲಿಷ್ ಉಳಿದಿರುವುದೇ ಅಷ್ಟು. ಭಾನುವಾರ ಬಂದು ಮನೆ ಖಾಲಿ ಮಾಡಿಸಿ ನನ್ನನ್ನು ಕರೆದುಕೊಂಡು ಹೋಗುತ್ತೇನೆ ಎಂದು ನೀನು ಹೇಳಿದಾಗ ಹೂಂಗುಟ್ಟಿದೆ. ಆದರೆ ಬರಲಾರೆ. ಹಿಂದಿನ ಕೋಣೆಯ ಕಂಪ್ಯೂಟರನ್ನು ಆರಿಸುವಂತಿಲ್ಲ.

"ಅಪ್ಪಾ, ಆ ಡಬ್ಬಾನ ಇನ್ನೂ ಇಟ್ಕೊಂಡಿದ್ದೀಯಾ?" ಎಂದು ನಗುತ್ತೀಯ. ನಗು. ನಾನು ಕಲಿತದ್ದೆಲ್ಲ ನನ್ನೆದುರೇ ಕಣ್ಣು ಮುಚ್ಚಿತು. ಮೊದಲು ಕಲಿತದ್ದು ಕಪ್ಪು ಪರದೆಯ ಹಸಿರು ಅಕ್ಷರ. ಅದನ್ನು ಓಡಿಸುವ ಯಂತ್ರವನ್ನೇ ಗುಜರಿಗೆ ಹಾಕಿದರು. ಆಮೇಲಿನದು ಫ್ಲಾಪಿಗಳ ಜೊತೆ ಹೋಯಿತು. ಕೊನೆಗೆ ಪ್ರೋಗ್ರಾಮ್ ಕಟ್ಟುವ ಈ ಟೂಲ್, ಈಗಲೂ ಈ ಡಬ್ಬಾದಲ್ಲೇ ಇರುವುದು. ಪರದೆಯ ಮೇಲೆ ಬಟನ್ನನ್ನು ಎಳೆದು ತಂದು ಎಲ್ಲಿ ಕೂರಿಸಿದರೆ ಅಲ್ಲಿ ಸುಮ್ಮನೆ ಕೂರುತ್ತಿತ್ತು, ನಿನ್ನ ಹಾಗೆ ಹಟ ಮಾಡುತ್ತಿರಲಿಲ್ಲ. ನಿನ್ನಮ್ಮ ಕೆಲಸ ಕಲಿತದ್ದೂ ಇದರಲ್ಲೇ. ನಾನು ಪ್ರೋಗ್ರಾಮ್ ಬರೆಯುವವನು, ಅವಳು ಅದರ ತಪ್ಪು ಹುಡುಕುವವಳು. "ನೀವು ಕಟ್ಟಿ, ನಾನು ಕೆಡವ್ತೀನಿ" ಅನ್ನುತ್ತಿದ್ದಳು. ಸಂಸಾರವೂ ಹಾಗೇ ನಡೆಯಿತು, ಬಿಡು.

ಆ ದಿನ ಪ್ರಿಂಟರಿಗೆ ಇಂಕ್ ತರಲು ಹೋಗಿದ್ದೆ. ಅವಳ ಫೋನು. "ರೀ, ನಿಮ್ಮ ಜಾಣತನ ಸಿಕ್ಕಿಬಿತ್ತು. ನಿಲ್ಲಿಸಿ ಇಟ್ಟಿದ್ದೀನಿ. ಬೇಗ ಬನ್ನಿ, ತೋರಿಸ್ತೀನಿ." ಅಂಗಡಿಯಿಂದ ನೇರ ಬಂದೆ. ಕುರ್ಚಿಯಲ್ಲೇ ಒರಗಿದ್ದಳು. ಮುಂದಿನದು ನಿನಗೆ ಗೊತ್ತು.

ಓಡುವ ಪ್ರೋಗ್ರಾಮನ್ನು ಬೇಕಾದ ಸಾಲಿನಲ್ಲಿ ತಡೆದು ನಿಲ್ಲಿಸಬಹುದು. ಆ ಸಾಲಿನ ಮೇಲೆ ಹಳದಿ ಗೆರೆ ಬೀಳುತ್ತದೆ. ಕಣ್ಣಾಸ್ಪತ್ರೆಯ ರೋಗಿಗಳಿಗೆ ಟೋಕನ್ ಕೊಡಲು ನಾನು ಬರೆದ, ಅವಳು ಆ ದಿನ ನಿಲ್ಲಿಸಿದ ಪ್ರೋಗ್ರಾಮ್ ಇನ್ವರ್ಟರಿನ ದಯದಿಂದ ಈಗಲೂ ಅಲ್ಲೇ ನಿಂತಿದೆ. ಒಂದು ಕೀ ಒತ್ತಿದರೆ ಮುಂದಕ್ಕೆ ಓಡಿಹೋಗುತ್ತದೆ. ಮತ್ತೆ ಮೊದಲಿನಿಂದ ಓಡಿಸೋಣವೆಂದರೆ ಈ ಟೂಲ್ ಪ್ರತಿ ಸಲವೂ ತನ್ನ ಕಂಪನಿಯ ಅನುಮತಿ ಕೇಳುವಂಥದ್ದು. ಅವಳು ಹೋದ ಮರುತಿಂಗಳೇ ಆ ಕಂಪನಿ 'ವಿ ರಿಗ್ರೆಟ್' ಎಂದು ಎರಡು ಸಾಲು ಬರೆದು ಬಾಗಿಲು ಹಾಕಿತು; ಈಗ ಅನುಮತಿ ಕೊಡುವವರೇ ಇಲ್ಲ. ನೋಡಿ ನೋಡಿ ಕಣ್ಣು ಸೋತಿವೆ. ನನಗೆ ತಪ್ಪು ಕಾಣುತ್ತಿಲ್ಲ. ಅವಳಿಗೆ ಕಂಡದ್ದೇನು ಎಂದು ತಿಳಿಯುವವರೆಗೆ ಇಲ್ಲಿಂದ ಏಳಲಾರೆ. ಕೋಪ ಮಾಡಿಕೊಳ್ಳಬೇಡ.

ನೀನು ಕಳಿಸಿದ ಸ್ವೆಟರ್ ಬೆಚ್ಚಗಿದೆ. ಊಟ ಸರಿಯಾಗಿಯೇ ಮಾಡುತ್ತಿದ್ದೇನೆ.

ಇಲ್ಲೇ ಇರುವ,
ನಿನ್ನ ಅಪ್ಪ

ತಾ.ಕ.: ಲಕೋಟೆ ಅಂಟಿಸುವ ಮೊದಲು, ಯಾಕೋ, ಕೀ ಒತ್ತಿಬಿಟ್ಟೆ. ಕೊನೆಯವರೆಗೂ ಓಡಿತು. ಟೋಕನ್ನುಗಳೆಲ್ಲ ಸರಿಯಾಗಿ ಬಂದವು. ತಪ್ಪೇ ಇರಲಿಲ್ಲ, ಗುಬ್ಬಿ. ನಾನು ಮನೆಗೆ ಬರುವುದಷ್ಟೇ ಅವಳಿಗೆ ಬೇಕಿತ್ತು. ಎದೆ ನೋಯುತ್ತಿದೆ ಎಂದು ಬಾಯಿಬಿಟ್ಟು ಹೇಳುವವಳಲ್ಲ ಅವಳು. ಕಂಪ್ಯೂಟರ್ ಆರಿಸಿದೆ. ಭಾನುವಾರ ನಿನ್ನ ಜೊತೆ ಬರುತ್ತೇನೆ. ಇಲ್ಲಿ ಹುಡುಕಲು ಇನ್ನೇನೂ ಉಳಿದಿಲ್ಲ.