ಕುಮುದ್ವತಿ ಹತ್ತಿ ಹೋದ ಖಾರದ ಡಬ್ಬ

12 ಜನವರಿ 1989, ಗುರುವಾರ

ಪೇಟೆ ದಿನ. ನಸುಕಿನಿಂದಲೇ ಚಕ್ಕಡಿ, ಟ್ರ್ಯಾಕ್ಟರ್ ಸಪ್ಪಳ. ಹಿರಿಯ ಮಗ ಗುಡದಪ್ಪ ಚಹಾ ಕುಡಿಯದೆ ದಲಾಲಿ ಅಂಗಡಿಗೆ ಓಡಿದ. ನಲವತ್ತಾದರೂ ಬುದ್ಧಿ ಬಂದಿಲ್ಲ.

ನನಗೆ ನೆಗಡಿ. ಮೂಗು ಪೂರಾ ಕಟ್ಟಿದೆ. ಆದರೂ ಕಿರಿಯ ಮಗ ಫಕ್ಕೀರೇಶನ ಖಾರದ ಡಬ್ಬ ನಾನೇ ಕಟ್ಟಿದೆ. ನಾಳೆ ಅವನ ರಜೆ ಮುಗಿಯುತ್ತದೆ. ಮುಂಬಯಿ, ಆಮೇಲೆ ಹಡಗು. ಕಪಾಟಿನಲ್ಲಿ ಎರಡು ಡಬ್ಬ — ಒಂದರಲ್ಲಿ ನಮ್ಮ ಬ್ಯಾಡಗಿ ಖಾರ, ಇನ್ನೊಂದರಲ್ಲಿ ಉಪ್ಪಿನಕಾಯಿಗೆಂದು ಕುಟ್ಟಿಸಿದ ಗುಂಟೂರು, ಘಾಟಿನದು.

ಗುತ್ತೆವ್ವ ಬಂದಳು. ಗುಡದಪ್ಪನ ಹೆಂಡತಿ. "ಅತ್ತೀ, ನಾ ಕಟ್ಟತೇನ್ರಿ. ಎರಡೂ ಡಬ್ಬ ಒಂದ ನಮೂನಿ ಅದಾವು."

"ಮೂವತ್ತೈದು ವರ್ಷ ಮೆಣಸಿನಕಾಯಿ ನೋಡಿದ ಕಣ್ಣಿವು. ನೀ ಮೊದಲು ಸಾರಿಗೆ ಉಪ್ಪು ಹಾಕೋದು ಕಲಿ" ಎಂದೆ. ಉಪ್ಪು ಸರಿಯಾಗಿಯೇ ಹಾಕುತ್ತಾಳೆ. ಹಾಗೆಂದು ಹೇಳಬೇಕೆಂದಿಲ್ಲ.

ಫಕ್ಕೀರೇಶ ಹಡಗಿನ ದೊಡ್ಡ ಫೋಟೋ ತಂದು ನಡುಮನೆಯಲ್ಲಿ ಮೊಳೆ ಹೊಡೆದು ಹಾಕಿದ. ಐ.ಎನ್.ಎಸ್. ಕುಮುದ್ವತಿ. ನಮ್ಮ ರಾಣೆಬೆನ್ನೂರು ಕಡೆಯ ಹೊಳೆಯ ಹೆಸರು. ಅದನ್ನು ಕೇಳಿದ ದಿನವೇ ಅವನು ಮಿಲಿಟರಿಗೆ ಸೇರಿದ ಸಿಟ್ಟು ಅರ್ಧ ಇಳಿದಿತ್ತು. ಹೋದ ನವೆಂಬರಿನಲ್ಲಿ ಹಡಗು ಮುಂಬಯಿ ಬಂದರಿಗೆ ಮರಳಿದಾಗ ತೆಗೆದ ಫೋಟೋ. ಆಗ ಹಡಗಿನವರ ಮನೆಯವರೆಲ್ಲ ಬಂದು ದಡದಲ್ಲಿ ನಿಂತಿರುತ್ತಾರಂತೆ. ನನಗೂ ಬಾ ಎಂದು ಕಾಗದ ಬರೆದಿದ್ದ. ಹೋಗಲಿಲ್ಲ. ಮನೆಯಲ್ಲಿ ಕೆಲಸ ಇರುತ್ತದೆ.

"ನಾನೂ ಇದರಾಗ ಅದೀನವ್ವ. ಕಂಡ್ಯಾ?"

"ಕಂಡೆ. ಸೊರಗೀದಿ."

ನಕ್ಕ. ಫೋಟೋ ಸ್ವಚ್ಛ ಬಂದಿಲ್ಲ. ಎಲ್ಲ ಮಂಜು ಮಂಜು. ಮುಂಬಯಿಯವರಿಗೆ ಫೋಟೋ ತೆಗೆಯಲೂ ಬರುವುದಿಲ್ಲ.

13 ಜನವರಿ

ಬಸ್ ಸ್ಟ್ಯಾಂಡಿಗೆ ಹೋಗಿ ಕಳಿಸಿ ಬಂದೆ. ಅಳಲಿಲ್ಲ. ಕಿಟಕಿಯಲ್ಲಿ ಕೂತು ಎಡಗೈ ಹುಬ್ಬಿನ ಮೇಲಿಟ್ಟು ನನ್ನನ್ನೇ ನೋಡುತ್ತಿದ್ದ. ಚಿಕ್ಕವನಿದ್ದಾಗ ಆ ಎಡಗೈ ಬಿಡಿಸಲು ಎಷ್ಟು ಹೊಡೆದೆ. ಮಾಸ್ತರರಿಗೂ ಹೊಡೆಯಲು ಹೇಳಿದ್ದೆ. ಊಟ, ಬರಹ ಬಲಗೈಗೆ ಬಂದವು. ದೂರ ನೋಡುವಾಗ ಮಾತ್ರ ಇನ್ನೂ ಎಡಗೈ ಏಳುತ್ತದೆ. ಆಗ ಅಷ್ಟು ಹೊಡೆಯಬಾರದಿತ್ತು.

ಬಸ್ಸು ಹೊರಳಿದ್ದು ಕಾಣಲಿಲ್ಲ. ಧೂಳು ಬಹಳ.

5 ಫೆಬ್ರುವರಿ

ರಾಣೆಬೆನ್ನೂರಿನಿಂದ ಗುತ್ತೆವ್ವನ ಅಪ್ಪ ಜಟ್ಟೆಪ್ಪ ಬಂದಿದ್ದ. ಫೋಟೋ ಮುಂದೆ ನಿಂತು ಶುರು ಮಾಡಿದ.

"ಬೀಗತ್ಯಾರ, ಹಡಗು ಇರೋದು ನೀರಾಗ, ವಿಮಾನ ಮ್ಯಾಲ. ಇದು ಅದನ್ನ ಹೆಂಗ ಹೊಡೀತದ್ರಿ?"

ಫಕ್ಕೀರೇಶ ಒಂದೊಂದೇ ಭಾಗ ಹೇಳಿಕೊಟ್ಟಿದ್ದ. ಎಲ್ಲಿ ಏನಿದೆ ಎಂದು ಬೆರಳಿಗೇ ಗೊತ್ತು. ತೋರಿಸಿದೆ. "ಕಂಬದ ತುದಿಗೆ ತಿರುಗತದಲ್ಲ, ಅದು ರಾಡಾರು. ಒಂದು ಗಳಿಗಿ ನಿಲ್ಲಂಗಿಲ್ಲ. ಹಡಗು ಇಲ್ಲೆ ಬ್ಯಾಡಗ್ಯಾಗ ಅದ ಅಂತ ತಿಳೀರಿ, ವಿಮಾನ ಇನ್ನೂ ಚಿತ್ರದುರ್ಗ ದಾಟಿರಂಗಿಲ್ಲ, ಫಕ್ಕೀರ್ಯಾಗ ಗೊತ್ತಾಗಿರತದ. ಕತ್ತಲ ಕೋಣ್ಯಾಗ ಪರದೆ ಮುಂದ ಅವನ ಕೆಲಸ. ಚುಕ್ಕಿ ಬಂತಂದ್ರ ನಮ್ಮದೋ ಪರರದೋ ಅಂತ ಇವನ ಹೇಳಬೇಕು. ಆಮ್ಯಾಲ ಮುಂದಿನ ಮುಚ್ಚಳ ತೆಗೀತದ, ಒಳಗಿಂದ ಕ್ಷಿಪಣಿ ಮ್ಯಾಲ ಏಳತದ."

"ಮತ್ತ ಬಿಟ್ಟಿದ್ದು ತಪ್ಪಿದ್ರ?"

"ಅದಕ್ಕ ತೋಪು ಅದಾವು. ಹಿಂದ ಎರಡು ಹೆಲಿಕಾಪ್ಟರ್. ದೊಡ್ಡ ಹಡಗು ಇರತಾವ — ವಿಮಾನ ಹೊತ್ತಾವು, ಎಣ್ಣಿ ಹೊತ್ತಾವು. ಅವಕ್ಕ ಏನೂ ಆಗದಂಗ ಇದು ಮುಂದ ನಿಲ್ಲತದ."

"ಅಂದ್ರ ಕಾವಲು ನಾಯಿ ಅನ್ರಿ."

"ನಾಯಿ ಅಲ್ಲ. ಮನಿ ಹಿರೇಸೊಸಿ. ಯಾರ ಬಂದ್ರೂ ಮೊದಲ ಅಕಿನ್ನ ದಾಟಬೇಕು."

ಒಳಗೆ ಗುತ್ತೆವ್ವನ ಬಳೆ ಸಪ್ಪಳ ನಿಂತಿತು. ಕೇಳಿಸಿಕೊಂಡಳು. ಕೇಳಿಸಿಕೊಳ್ಳಲಿ.

ಇನ್ನೂ ಹೇಳಿದೆ. ಹಡಗು ಕಟ್ಟಿದವರು ನಮ್ಮವರೇ, ಮುಂಬಯಿಯಲ್ಲಿ. ಆದರೆ ಕ್ಷಿಪಣಿ ರಷ್ಯಾದ್ದು, ಒಂದು ರಾಡಾರು ಹಾಲೆಂಡಿನದು, ಕಂಪ್ಯೂಟರು ಇಟಲಿಯದು. ಒಂದರ ಮಾತು ಇನ್ನೊಂದಕ್ಕೆ ತಿಳಿಯುವಂತೆ ನಮ್ಮ ಎಂಜಿನಿಯರುಗಳು ಜೋಡಿಸಿದರಂತೆ. ನಾಲ್ಕು ಊರಿನ ಸೊಸೆಯರನ್ನು ಒಂದೇ ಒಲೆಯ ಮುಂದೆ ಹೊಂದಿಸಿದ ಹಾಗೆ. ಅದು ಎಷ್ಟು ಕಷ್ಟ ಎಂದು ನನಗೆ ಗೊತ್ತು.

ಜಟ್ಟೆಪ್ಪ ಬಿಡಲಿಲ್ಲ. "ಈ ಸಾಲಿನಾಗ ನಿಮ್ಮ ಹುಡುಗ ಯಾವನ್ರಿ?"

ಯಾವ ಸಾಲು? "ನೀವ ಹುಡುಕ್ರಿ. ನಿಮಗ ಕಣ್ಣಿಲ್ಲೇನು?" ಎಂದು ಚಹಾ ತರಲು ಎದ್ದೆ. ಹೊಸ್ತಿಲು ಎಡವಿದೆ.

6 ಮಾರ್ಚ್

ಫಕ್ಕೀರೇಶನ ಕಾಗದ. ಅಕ್ಷರ ಈಚೆಗೆ ಸಣ್ಣ ಬರೆಯುತ್ತಾನೆ. ಗುತ್ತೆವ್ವನಿಂದ ಓದಿಸಿದೆ.

ಅಪಘಾತವಲ್ಲ. ಆದರೆ ಅವಮಾನ. ಹೋದ ತಿಂಗಳು ಸಮುದ್ರದಲ್ಲಿ ದೊಡ್ಡ ಅಭ್ಯಾಸ ಇತ್ತಂತೆ. ನಮ್ಮ ವಿಮಾನಗಳೇ ಶತ್ರುಗಳಾಗಿ ಬರಬೇಕು, ಕುಮುದ್ವತಿ ಹಿಂದಿನ ಹಡಗುಗಳನ್ನು ಕಾಯಬೇಕು. ಅಂಥ ಹೊತ್ತಿನಲ್ಲಿ ಹಡಗಿನ ಬಾಗಿಲು, ಗಾಳಿಕಿಂಡಿ ಎಲ್ಲ ಮುಚ್ಚಿ ಒಳಗಿನ ಗಾಳಿಯನ್ನೇ ತಿರುಗಿಸುತ್ತಾರೆ. ಹೊರಗೆ ವಿಷದ ಗಾಳಿ ಇದ್ದರೂ ಒಳಗೆ ಬರಬಾರದೆಂದು. ಗಂಟೆ ಹೊಡೆದ ಮೇಲೆ ಒಲೆಯೂ ಆರಬೇಕು. ಫಕ್ಕೀರೇಶ ಅಡಿಗೆಯವನಿಗೆ ಡಬ್ಬ ಕೊಟ್ಟು "ಇವತ್ತ ನಮ್ಮವ್ವನ ಖಾರದ ಸಾರು" ಎಂದಿದ್ದನಂತೆ. ಆ ಅಡಿಗೆಯವನು, ಕೇರಳದವನು, ಗಂಟೆ ಹೊಡೆದರೂ ಎಣ್ಣೆ ಕಾದಿದೆ, ಇದೊಂದು ಒಗ್ಗರಣೆ ಆಗಲಿ ಎಂದು ಎರಡು ಚಮಚ ಸುರಿದ.

ಮುನ್ನೂರು ಜನ ಕೆಮ್ಮಿದರಂತೆ. ಕತ್ತಲೆ ಕೋಣೆಯಲ್ಲಿ ಪರದೆ ನೋಡುವವರ ಕಣ್ಣಲ್ಲಿ ನೀರು. ಯಾರೋ ಮುಖವಾಡ ಹಾಕಿಕೊಳ್ಳಿ ಎಂದು ಕೂಗಿದರಂತೆ. ಅಷ್ಟರಲ್ಲಿ ಒಂದು ವಿಮಾನ ತಲೆಯ ಮೇಲೆ ಹಾದು ಹೋಯಿತು. ಅಭ್ಯಾಸದ ಲೆಕ್ಕದ ಪ್ರಕಾರ ಕುಮುದ್ವತಿ ಮುಳುಗಿದಳು.

ಪೆಟ್ಟಿ ಆಫೀಸರ್ ಬಡ್ತಿಯ ಪಟ್ಟಿಯಲ್ಲಿ ಇವನ ಹೆಸರು ಇತ್ತು. ತಡೆಹಿಡಿದಿದ್ದಾರೆ. ವಿಚಾರಣೆ. ಕೊನೆಗೆ ಬರೆದಿದ್ದಾನೆ — "ಅವ್ವಾ, ನಮ್ಮೂರ ಖಾರಕ್ಕ ಇಷ್ಟು ಘಾಟು ಯಾವಾಗ ಬಂತು?"

ಮೈ ಉರಿಯಿತು. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ, ಘಾಟಿಗಲ್ಲ. ಕೂಸಿಗೂ ಗೊತ್ತು. ಕೂಡಲೇ ಉತ್ತರ ಬರೆದೆ: ನನ್ನ ಖಾರದ ತಪ್ಪಲ್ಲ, ನಿಮ್ಮ ಅಡಿಗೆಯವ ಏನೋ ಬೆರೆಸಿದ್ದಾನೆ, ಸಾಹೇಬರಿಗೆ ಹಾಗೇ ಹೇಳು.

2 ಏಪ್ರಿಲ್

ಕಾಗದ, ನಾಲ್ಕೇ ಸಾಲು. ನಾನು ಬರೆದದ್ದನ್ನು ವಿಚಾರಣೆಯಲ್ಲಿ ಹೇಳಿದನಂತೆ. ಈಗ ಅಡಿಗೆಯವನ ಮೇಲೆ ಬಂದಿದೆ. ನೌಕರಿಗೇ ಕುತ್ತು ಬರಬಹುದು. "ಅವಂಗ ಎರಡು ಸಣ್ಣ ಹುಡುಗ್ಯಾರು ಅದಾವವ್ವ. ಆದ್ರ ನೀ ಸುಳ್ಳು ಹೇಳಂಗಿಲ್ಲಲ್ಲ."

ಹೇಳುವುದಿಲ್ಲ.

18 ಏಪ್ರಿಲ್, ಸಂಜೆ

ಮಾವಿನಕಾಯಿ ಹೆಚ್ಚಿ ಉಪ್ಪು ಹಾಕಿ ಆಗಿತ್ತು. ಜೈತೂನಬಿ ಬಂದಿದ್ದಳು. ಇಪ್ಪತ್ತು ವರ್ಷದಿಂದ ನಮ್ಮಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತಾಳೆ. ನನಗೆ ಎದುರು ಮಾತಾಡುವವಳು ಈ ಮನೆಯಲ್ಲಿ ಅವಳೊಬ್ಬಳೇ. ಗುಂಟೂರು ಡಬ್ಬ ತೆಗೆ ಎಂದೆ. ತೆಗೆದಳು. ಮೂಸಿದಳು. ನಾಲಿಗೆಗೆ ಹಚ್ಚಿಕೊಂಡಳು.

"ಅವ್ವಾರ, ಇದು ನಮ್ಮೂರಂದು."

"ಹುಚ್ಚಿ. ಗುಂಟೂರು ಅದು."

"ಬಣ್ಣ ನೋಡ್ರಿ, ರಗತ ಇದ್ದಂಗ ಐತಿ. ಬಾಯಾಗ ಸಿಹಿ ಬರತೈತಿ. ಗುಂಟೂರು ಎಲ್ಲಿ ಹೋತ್ರಿ ಮತ್ತ?" ಡಬ್ಬದ ಮುಚ್ಚಳ ಹಾಕಿ ಮೆಲ್ಲಗೆ — "ಹಡಗು ಹತ್ತಿ ಹೋತೇನ್ರಿ?"

ಗುತ್ತೆವ್ವ ಸೆರಗು ಬಾಯಿಗೆ ಹಿಡಿದಳು. ನಗೆಗೋ ಅಂಜಿಕೆಗೋ ತಿಳಿಯಲಿಲ್ಲ. ಅವಳ ಮುಖ ನನಗೆ ಕಾಣಲಿಲ್ಲ.

ಜೈತೂನಬಿ ಹತ್ತಿರ ಬಂದು ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು. ಯಾರೂ ಹಾಗೆ ನನ್ನನ್ನು ಮುಟ್ಟುವುದಿಲ್ಲ. "ಯಾ ಅಲ್ಲಾ. ಎರಡೂ ಕಣ್ಣಾಗ ಮೋತಿಬಿಂದು, ಪೊರಿ ಬಂದೈತಿ. ಎಷ್ಟು ದಿವಸದಿಂದ್ರಿ ಅವ್ವಾರ?"

"ನಿನ್ನ ಕೆಲಸ ನೋಡು" ಎಂದೆ.

ಎರಡು ವರ್ಷದಿಂದ.

27 ಏಪ್ರಿಲ್

ಒಂಬತ್ತು ದಿನ ಬರೆಯಲಿಲ್ಲ. ಬರೆದರೆ ಒಪ್ಪಿಕೊಂಡಂತೆ ಎಂದು.

ಈ ಓಣಿಯಲ್ಲಿ ಯಾರ ಮನೆಯಲ್ಲಿ ಖಾರ ಕುಟ್ಟಿಸಿದರೂ ನನ್ನ ಮುಂದೆ ತರುತ್ತಾರೆ. ಈ ಮಂಗಳವ್ವ ಹೂಂ ಎಂದರೆ ಹೂಂ. ಆ ಕಣ್ಣು ಹೋಯಿತೆಂದು ಹೇಗೆ ಹೇಳಲಿ? ಆದರೆ ಕೇರಳದ ಆ ಇಬ್ಬರು ಹುಡುಗಿಯರು. ಮುಖ ನೋಡಿಲ್ಲ, ಹೆಸರೂ ಗೊತ್ತಿಲ್ಲ. ಊಟಕ್ಕೆ ಕೂತಾಗ ಎದುರು ಬಂದು ಕೂರುತ್ತಾರೆ.

ಬೆಳಿಗ್ಗೆ ಕ್ಯಾಪ್ಟನ್ ಸಾಹೇಬರಿಗೆ ನಾನೇ ಬರೆದೆ. ಇಂಗ್ಲಿಷಿನಲ್ಲಿ. ಹಾವೇರಿ ಹೈಸ್ಕೂಲಿನಲ್ಲಿ ಕಲಿತದ್ದು ಇಷ್ಟು ವರ್ಷಕ್ಕೆ ಕೆಲಸಕ್ಕೆ ಬಂತು. ರೆಸ್ಪೆಕ್ಟೆಡ್ ಸರ್, ಖಾರ ಬದಲಾದದ್ದು ನನ್ನ ಕೈಯಲ್ಲಿ. ನನಗೆ ಕಣ್ಣು ಕಾಣುವುದಿಲ್ಲ, ಯಾರಿಗೂ ಹೇಳಿರಲಿಲ್ಲ. ಅಡಿಗೆಯವನು ಏನೂ ಬೆರೆಸಿಲ್ಲ. ನನ್ನ ಮಗನು ತಾಯಿಯನ್ನು ನಂಬಿದ, ಅವನ ತಪ್ಪು ಅಷ್ಟೇ. ಶಿಕ್ಷೆ ಕೊಡುವುದಿದ್ದರೆ ವಿಳಾಸ ಮೇಲಿದೆ.

ಸಾಲು ಒಂದರ ಮೇಲೊಂದು ಹತ್ತಿದವಂತೆ. ಗುತ್ತೆವ್ವ ಹೇಳಿದಳು. "ಬ್ಯಾರೆ ಹಾಳ್ಯಾಗ ನಾ ಬರದು ಕೊಡಲ್ರಿ?" ಬೇಡ, ಹಾಗೇ ಹೋಗಲಿ ಎಂದೆ. ಸಾಕ್ಷಿಗೆ ಇರಲಿ.

ಅಂಚೆಗೆ ಹಾಕಿ ಬಂದು ಅವಳೇ ಹೇಳಿದಳು, "ಹಾವೇರಿ ಕಣ್ಣಿನ ಡಾಕ್ಟರಿಗೆ ಹೇಳೇನ್ರಿ ಅತ್ತಿ. ಸೋಮವಾರ." ಕೇಳಲಿಲ್ಲ, ಹೇಳಿದಳು. ನನ್ನ ಹಾಗೆಯೇ ಮಾತಾಡುತ್ತಿದ್ದಾಳೆ ಈಚೆಗೆ.

24 ಮೇ

ಬಲಗಣ್ಣಿನ ಆಪರೇಷನ್ ಆಯಿತು. ಎಡಗಣ್ಣು ದೀಪಾವಳಿ ನಂತರ. ಪಟ್ಟಿ ಬಿಚ್ಚಿದ್ದಾರೆ, ಇನ್ನೂ ಕರಿ ಕನ್ನಡಕ. ಬಗ್ಗಬಾರದು, ಸೀನಬಾರದು. ಖಾರದ ಊರಿನಲ್ಲಿ ಸೀನಬಾರದಂತೆ! ಬರೆಯಲೂ ಬಾರದು. ಒಂದಿಷ್ಟು ಬರೆಯುತ್ತೇನೆ.

ಪಟ್ಟಿ ಇದ್ದಾಗಲೇ ಕ್ಯಾಪ್ಟನ್ನರ ಉತ್ತರ ಬಂತು. ನಾನು ಇಂಗ್ಲಿಷಿನಲ್ಲಿ ಬರೆದರೆ ಅವರು ಹಿಂದಿಯಲ್ಲಿ. ಗುತ್ತೆವ್ವನಿಗೆ ಅಕ್ಷರ ಬರುತ್ತದೆ, ಅರ್ಥ ಬರುವುದಿಲ್ಲ. ಜೈತೂನಬಿಗೆ ಅರ್ಥ ಆಗುತ್ತದೆ, ಅಕ್ಷರ ಬರುವುದಿಲ್ಲ. ಮಂಚದ ಆಚೆ ಒಬ್ಬಳು, ಈಚೆ ಒಬ್ಬಳು. ಒಬ್ಬಳು ಒಂದೊಂದೇ ಅಕ್ಷರ ಕೂಡಿಸಿ ಓದುವುದು, ಇನ್ನೊಬ್ಬಳು ಕನ್ನಡದಲ್ಲಿ ಹೇಳುವುದು. ನಡುವೆ ಜಗಳ.

"ಸರಿ ಓದವಾ ತಾಯಿ. ಹಂಗ ಮುರದು ಮುರದು ಓದಿದ್ರ ಕ್ಯಾಪ್ಟನ್ ಸಾಬರು ತೊದಲತಾರಂತ ತಿಳಕೋತೇನಿ."

"ನೀ ಸುಮ್ಮ ಕುಂದ್ರು ಜೈತೂನ ಚಾಚಿ. ಬಾಗಿಲಾ, ರಬ್ಬರಾ ಅಂತ ಏನೋ ಬರದಾರ, ನನಗ ತೆಲಿ ತಿರಗಾಕತ್ತೇತಿ."

ಇಷ್ಟು ತಿಳಿಯಿತು. ರಾಡಾರಿನ ಆ ಕೋಣೆಯ ಗಾಳಿಯೇ ಬೇರೆ, ಅಲ್ಲಿಗೆ ಹೊಗೆ, ವಾಸನೆ ಏನೂ ಹೋಗಲೇಬಾರದಿತ್ತಂತೆ. ಹೇಗೆ ಹೋಯಿತೆಂದು ಹುಡುಕಿದರು. ಬಾಗಿಲ ಸುತ್ತಿನ ರಬ್ಬರು ಎರಡು ಕಡೆ ಸಡಿಲವಾಗಿತ್ತು. ಎಷ್ಟು ಪರೀಕ್ಷೆ ಮಾಡಿದ್ದರೂ ಸಿಕ್ಕಿರಲಿಲ್ಲ. ನಿಜವಾದ ವಿಷದ ಗಾಳಿಗಿಂತ ಮೊದಲು ಒಬ್ಬ ತಾಯಿಯ ಖಾರ ಬಂದು ತೋರಿಸಿತು ಎಂದು ಬರೆದಿದ್ದಾರೆ. ಅಡಿಗೆಯವನ ನೌಕರಿ ಉಳಿಯಿತು. ಒಲೆ ಆರಿಸದ್ದಕ್ಕೆ ಅವನಿಗೂ, ಸಾರು ಮಾಡಿಸಿದ್ದಕ್ಕೆ ನನ್ನ ಮಗನಿಗೂ ಹದಿನಾಲ್ಕು ದಿನ ಹಡಗು ಇಳಿಯುವಂತಿಲ್ಲ. ಶಿಕ್ಷೆ ಸರಿಯಾಗಿದೆ. ಕ್ಯಾಪ್ಟನ್ ಒಳ್ಳೆಯ ಮನುಷ್ಯ. ಫಕ್ಕೀರೇಶನ ಹೆಸರು ಪಟ್ಟಿಗೆ ಮತ್ತೆ ಸೇರಿದೆ.

ಕೊನೆಯ ಸಾಲು ಹೇಳುವಾಗ ಜೈತೂನಬಿಯ ದನಿ ಬೇರೆಯಾಯಿತು. "ಆಗಸ್ಟ್ ಹದಿನೆಂಟಕ್ಕ ಹಡಗು ಮುಂಬಯಿಗೆ ಬರತೈತಿ. ಕಣ್ಣು ನೆಟ್ಟಗಾದ್ರ ನೀವು ಬರಬೇಕಂತ್ರಿ. ಬರಾಗ ಖರೇ ಬ್ಯಾಡಗಿ ಖಾರ ತರಬೇಕಂತ."

ಅಳಬಾರದೆಂದು ಡಾಕ್ಟರು ಹೇಳಿದ್ದರು. ಅಳಲಿಲ್ಲ. ಪಟ್ಟಿ ಒದ್ದೆಯಾಗಿತ್ತು ಎನ್ನುತ್ತಾಳೆ ಗುತ್ತೆವ್ವ. ಸೆಕೆ.

9 ಜುಲೈ, ಬೆಳಿಗ್ಗೆ 10

ನಿನ್ನೆ ಹಾವೇರಿಯಿಂದ ಕನ್ನಡಕ ಬಂತು. ಸೋಡಾ ಬಾಟ್ಲಿಯ ತಳದಷ್ಟು ದಪ್ಪ. ಮೆಟ್ಟಿಲು ಎತ್ತರವಾಗಿ ಕಾಣುತ್ತವೆ. ಜಂತಿಯಲ್ಲಿ ಜೇಡರ ಬಲೆ. ಗುತ್ತೆವ್ವನನ್ನು ಕರೆದು ಬಯ್ದೆ. ಬಯ್ಯುವಾಗ ನೋಡಿದೆ — ಹಣೆಯ ಹತ್ತಿರ ಬಿಳಿ ಕೂದಲು. ಯಾವಾಗ ಬಂದವು? ಅರ್ಧಕ್ಕೇ ನಿಲ್ಲಿಸಿದೆ. ಸಾರು ಚಲೋ ಆಗಿತ್ತು ಎಂದೆ. ಅಂಜಿದಳು.

ಈಗ ಫೋಟೋ ಇಳಿಸಿ ಮಡಿಲಲ್ಲಿ ಇಟ್ಟುಕೊಂಡಿದ್ದೇನೆ. ಬರೆಯುತ್ತ ನೋಡುತ್ತಿದ್ದೇನೆ.

ಇದು ಸ್ವಚ್ಛವಾಗಿಯೇ ಇದೆ. ಮುಂಬಯಿಯವನ ತಪ್ಪೇನಿಲ್ಲ. ರಾಡಾರು ನಾನು ತೋರಿಸುತ್ತಿದ್ದ ಜಾಗಕ್ಕಿಂತ ಎರಡು ಬೆರಳು ಮೇಲಿದೆ. ಜಟ್ಟೆಪ್ಪನಿಗೆ ಬರೀ ಕಂಬ ತೋರಿಸಿದ್ದೆ. ಪಾಪ, ತಲೆ ಅಲ್ಲಾಡಿಸಿದ್ದ.

ಹಡಗಿನ ಕಟಕಟೆಯ ಉದ್ದಕ್ಕೂ ಬಿಳಿ ಗೆರೆ ಇದೆ ಎಂದುಕೊಂಡಿದ್ದೆ. ಬಣ್ಣ ಬಳಿದದ್ದು ಎಂದು. ಗೆರೆ ಅಲ್ಲ. ಹುಡುಗರು. ಈ ತುದಿಯಿಂದ ಆ ತುದಿಗೆ, ಬಿಳಿ ಬಟ್ಟೆಯಲ್ಲಿ. ಆರು ತಿಂಗಳಿಂದ ಇವರೆಲ್ಲ ನನ್ನ ನಡುಮನೆಯಲ್ಲಿ ನಿಂತಿದ್ದಾರೆ, ನಾನು ಯಂತ್ರಗಳ ಹೆಸರಷ್ಟೇ ಹೇಳುತ್ತಿದ್ದೆ.

ಎಲ್ಲರ ಕೈ ಬೆನ್ನ ಹಿಂದೆ. ಎಡದಿಂದ ಎಣಿಸಿದೆ. ಹನ್ನೊಂದನೆಯವನ ಕೈ ಮಾತ್ರ ಹುಬ್ಬಿನ ಮೇಲಿದೆ. ಎಡಗೈ.

ಸೊರಗಿಲ್ಲ.

ದಡದ ಕಡೆ ನೋಡುತ್ತಿದ್ದಾನೆ. ಅಂದು ಅಲ್ಲಿ ನಮ್ಮವರು ಯಾರೂ ಇರಲಿಲ್ಲ. ಬರುವುದಿಲ್ಲ ಎಂದು ನಾನೇ ಬರೆದಿದ್ದೆ. ಗೊತ್ತಿತ್ತು ಅವನಿಗೆ. ಗೊತ್ತಿದ್ದೂ ಕೈ ಎತ್ತಿ...

ಗುಡದಪ್ಪನಿಗೆ ಹೇಳಿ ಇವತ್ತೇ ಟಿಕೆಟ್ ತೆಗೆಸಬೇಕು. ಗುತ್ತೆವ್ವನಿಗೂ ಒಂದು. ಆಗಸ್ಟ್ ಹದಿನೆಂಟಕ್ಕೆ ನಾನು ದಡದಲ್ಲಿ ಎಲ್ಲರಿಗಿಂತ ಮುಂದೆ, ಕೆಂಪು ಇಳಕಲ್ ಸೀರೆ ಉಟ್ಟು, ದೂರದಿಂದಲೇ ಅವನಿಗೆ ಕಾಣುವಂತೆ ನಿಂತಿರಬೇಕು.